ಯುದ್ಧವನ್ನು ಗಾಜಿನ ಮೇಲೆ ಹಿಡಿದ ಮ್ಯಾಥ್ಯೂ ಬ್ರೇಡಿ

ಅಮೆರಿಕದ 5 ಡಾಲರ್ ನೋಟಿನ ಮೇಲೆ ಅಬ್ರಹಾಂ ಲಿಂಕನ್ ಅವರ ಮುಖವಿದೆ. ಆ ಮುಖಕ್ಕೆ ಮೂಲ ಒಂದು ಫೋಟೋ. 1864ರ ಫೆಬ್ರವರಿ 9ರಂದು ವಾಷಿಂಗ್ಟನ್ ನಗರದ ಒಂದು ಸ್ಟುಡಿಯೋದಲ್ಲಿ ಅದನ್ನು ತೆಗೆದರು. ಆ ಸ್ಟುಡಿಯೋದ ಮಾಲೀಕರ ಹೆಸರು ಮ್ಯಾಥ್ಯೂ ಬ್ರೇಡಿ. ಅವರ ಸ್ಟುಡಿಯೋದ ಚಿತ್ರ ಇವತ್ತಿಗೂ ಕೋಟ್ಯಂತರ ನೋಟುಗಳ ಮೇಲೆ ಅಚ್ಚಾಗುತ್ತಿದೆ. ಆದರೆ ಅವರು ಸಾಯುವಾಗ ಅವರ ಕೈಯಲ್ಲಿ ಹಣವಿರಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ. ಯಾರ ಕಥೆ ಓದಿದರೂ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನೋಡುವ ಅಭ್ಯಾಸ ಬಂದುಬಿಟ್ಟಿದೆ. ಬ್ರೇಡಿ ಅವರ ಜೀವನವನ್ನೂ ಹಾಗೆಯೇ ನೋಡಿದೆ. ಅದರಲ್ಲಿ ಹಣದ ಲೆಕ್ಕಕ್ಕಿಂತ ದೊಡ್ಡ ಲೆಕ್ಕವೂ ಒಂದು ಸಿಕ್ಕಿತು.

ಬ್ರೇಡಿ ಹುಟ್ಟಿದ್ದು 1820ರ ದಶಕದ ಮೊದಲ ವರ್ಷಗಳಲ್ಲಿ. ತಂದೆ ತಾಯಿ ಐರ್ಲೆಂಡಿನಿಂದ ವಲಸೆ ಬಂದ ಬಡವರು. ಹುಡುಗನಿಗೆ ಚಿಕ್ಕಂದಿನಿಂದಲೇ ಕಣ್ಣಿನ ತೊಂದರೆ ಇತ್ತು. ಹದಿಹರೆಯದಲ್ಲಿ ಕೆಲಸ ಹುಡುಕಿಕೊಂಡು ನ್ಯೂಯಾರ್ಕಿಗೆ ಬಂದರು. ಅಲ್ಲಿ ಒಡವೆ ಮತ್ತು ಫೋಟೋ ಇಡುವ ಚಿಕ್ಕ ಚಿಕ್ಕ ಪೆಟ್ಟಿಗೆಗಳನ್ನು ಮಾಡಿ ಮಾರುತ್ತಿದ್ದರು. ಫೋಟೋ ಎಂಬುದು ಆಗ ಹೊಚ್ಚ ಹೊಸ ವಿದ್ಯೆ. 1839ರಲ್ಲಿ ಫ್ರಾನ್ಸಿನ ಲೂಯಿ ಡಾಗೇರ್ ಅವರ ವಿಧಾನ ಜಗತ್ತಿಗೆ ತಿಳಿಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮುಖ ಮೂಡಿಸುವ ವಿಧಾನ ಅದು. ಟೆಲಿಗ್ರಾಫಿನ ಸ್ಯಾಮ್ಯುಯೆಲ್ ಮೋರ್ಸ್ ಅಂಥ ಚಿತ್ರಗಳನ್ನು ಪ್ಯಾರಿಸ್‌ನಲ್ಲಿ ನೋಡಿ ಬಂದು ನ್ಯೂಯಾರ್ಕಿನಲ್ಲಿ ಆ ವಿಧಾನ ಕಲಿಸುತ್ತಿದ್ದರು. ಬ್ರೇಡಿ ಅವರ ಹತ್ತಿರ ಕಲಿತರು. 1844ರಲ್ಲಿ ಬ್ರಾಡ್‌ವೇ ರಸ್ತೆಯಲ್ಲಿ ಸ್ವಂತ ಸ್ಟುಡಿಯೋ ತೆರೆದರು. ಆಗ ಅವರಿಗೆ ನಮಗಿಂತ ಐದಾರು ವರ್ಷ ಮಾತ್ರ ಹೆಚ್ಚು ವಯಸ್ಸು.

ಬ್ರೇಡಿ ಜಾಹೀರಾತಿನ ಗುಟ್ಟು ಬಲ್ಲವರು. ದೇಶದ ದೊಡ್ಡ ದೊಡ್ಡವರನ್ನು ಕರೆಸಿ ಅವರ ಫೋಟೋ ತೆಗೆದು ಸ್ಟುಡಿಯೋದ ಗೋಡೆಗೆ ಹಾಕುತ್ತಿದ್ದರು. ಅಧ್ಯಕ್ಷರು, ಲೇಖಕರು, ಸೇನಾಪತಿಗಳು ಎಲ್ಲರೂ ಆ ಗೋಡೆಯಲ್ಲಿದ್ದರು. ಅವರನ್ನು ನೋಡಲು ಬಂದ ಸಾಮಾನ್ಯ ಜನರು ಅದೇ ಕುರ್ಚಿಯಲ್ಲಿ ಕೂತು ತಮ್ಮ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅವರಿಗೆ ಪದಕ ಬಂತು. ಬ್ರೇಡಿ ಎಂಬ ಹೆಸರೇ ಬ್ರ್ಯಾಂಡ್ ಆಯಿತು. ನಮ್ಮ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಎಂದು ಓದುತ್ತೇವಲ್ಲ, ಕಣ್ಣಿಗೆ ಕಾಣದ ಆಸ್ತಿ, ಅದು ಅವರ ಹತ್ತಿರ ಬೇಕಾದಷ್ಟಿತ್ತು.

1856ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಅಲೆಕ್ಸಾಂಡರ್ ಗಾರ್ಡ್‌ನರ್ ಅವರ ಹತ್ತಿರ ಕೆಲಸಕ್ಕೆ ಸೇರಿದರು. ಗಾರ್ಡ್‌ನರ್ ಅವರಿಗೆ ಫೋಟೋ ವಿದ್ಯೆಯ ಜೊತೆಗೆ ಲೆಕ್ಕಪತ್ರವೂ ಗೊತ್ತಿತ್ತು. 1858ರಲ್ಲಿ ಬ್ರೇಡಿ ವಾಷಿಂಗ್ಟನ್ನಿನಲ್ಲಿ ಶಾಖೆ ತೆರೆದು ಅದನ್ನು ಗಾರ್ಡ್‌ನರ್ ಕೈಗೆ ಕೊಟ್ಟರು. ಇಷ್ಟು ಹೊತ್ತಿಗೆ ಬ್ರೇಡಿ ಅವರ ದೃಷ್ಟಿ ಇನ್ನೂ ಮಂಜಾಗಿತ್ತು. ಕ್ಯಾಮೆರಾ ಹಿಡಿಯುವ ಕೆಲಸವನ್ನು ಹೆಚ್ಚಾಗಿ ನೌಕರರೇ ಮಾಡುತ್ತಿದ್ದರು. ನೋಟಿನ ಮೇಲಿರುವ ಲಿಂಕನ್ ಫೋಟೋ ತೆಗೆದದ್ದೂ ಬ್ರೇಡಿ ಅಲ್ಲ, ಅವರ ನೌಕರ ಆಂಟನಿ ಬರ್ಗರ್.

1860ರ ಫೆಬ್ರವರಿ 27ರಂದು ಲಿಂಕನ್ ಎಂಬ ವಕೀಲರು ನ್ಯೂಯಾರ್ಕಿನ ಕೂಪರ್ ಯೂನಿಯನ್‌ನಲ್ಲಿ ಭಾಷಣ ಮಾಡಲು ಬಂದಿದ್ದರು. ಅದೇ ದಿನ ಬ್ರೇಡಿ ಅವರ ಸ್ಟುಡಿಯೋಗೆ ಹೋದರು. ಲಿಂಕನ್ ಬಹಳ ಎತ್ತರ, ಕತ್ತು ಉದ್ದ. ಬ್ರೇಡಿ ಅವರ ಕಾಲರನ್ನು ಸ್ವಲ್ಪ ಮೇಲೆ ಎಳೆಯಲು ಹೇಳಿದರು. ಫೋಟೋ ಚೆನ್ನಾಗಿ ಬಂತು. ಚುನಾವಣೆಯ ಸಮಯದಲ್ಲಿ ಅದರ ಪ್ರತಿಗಳು ದೇಶದ ತುಂಬ ಹರಡಿದವು. ಆ ಭಾಷಣ ಮತ್ತು ಆ ಫೋಟೋ ತಮ್ಮನ್ನು ಅಧ್ಯಕ್ಷರನ್ನಾಗಿ ಮಾಡಿದವು ಎಂದು ಲಿಂಕನ್ ಮುಂದೆ ಹೇಳಿದರೆಂದು ಪ್ರಸಿದ್ಧಿ ಇದೆ.

1861ರ ಏಪ್ರಿಲ್ 12ರಂದು ದಕ್ಷಿಣದ ರಾಜ್ಯಗಳ ಸೈನ್ಯ ಸಮ್ಟರ್ ಕೋಟೆಯ ಮೇಲೆ ಫಿರಂಗಿ ಹಾರಿಸಿತು. ಅಂತರ್ಯುದ್ಧ ಶುರುವಾಯಿತು. ಮೂಲ ಕಾರಣ ಗುಲಾಮಗಿರಿ. ದಕ್ಷಿಣದ ಹತ್ತಿ ತೋಟಗಳು ಕರಿಯರ ಗುಲಾಮಗಿರಿಯ ಮೇಲೆ ನಿಂತಿದ್ದವು, ಅದನ್ನು ಬಿಡಲು ಅಲ್ಲಿನ ಮಾಲೀಕರು ತಯಾರಿರಲಿಲ್ಲ. ಈ ಯುದ್ಧ ನಮ್ಮ ಕರ್ನಾಟಕವನ್ನೂ ಮುಟ್ಟಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು. ಆಗ ಭಾರತದ ಹತ್ತಿಗೆ ಬೆಲೆ ಬಂತು. ಧಾರವಾಡದ ಸುತ್ತ ಅಮೆರಿಕದ ಬೀಜದಿಂದಲೇ ಬೆಳೆಯುತ್ತಿದ್ದ ಹತ್ತಿಗೂ ಬೇಡಿಕೆ ಹೆಚ್ಚಿತು. ಆ ಹತ್ತಿಯನ್ನು ಹಡಗಿಗೆ ಹಾಕಲು ಕಾರವಾರ ಬಂದರನ್ನು ಬೆಳೆಸಲು ಹೊರಟರು. ಅಲ್ಲಿ ಫಿರಂಗಿ ಹಾರಿದರೆ ಇಲ್ಲಿ ಮಾರುಕಟ್ಟೆ ಏರುತ್ತದೆ. ಯುದ್ಧ ಮುಗಿದಾಗ ಬೆಲೆ ಬಿತ್ತು, ಮುಂಬೈಯಲ್ಲಿ ಎಷ್ಟೋ ವ್ಯಾಪಾರಿಗಳು ಮುಳುಗಿದರು. ಆ ಕಡೆ ಬ್ರೇಡಿ ಅವರ ವ್ಯಾಪಾರಕ್ಕೂ ಅದೇ ಗತಿಯಾಯಿತು.

ಯುದ್ಧ ಶುರುವಾದಾಗ ಬ್ರೇಡಿ ಶ್ರೀಮಂತರು, ಹೆಸರುವಾಸಿಗಳು. ಸ್ಟುಡಿಯೋದಲ್ಲೇ ಕೂತಿದ್ದರೆ ಸಾಕಿತ್ತು. ಯುದ್ಧಕ್ಕೆ ಹೊರಡುವ ಸೈನಿಕರು ಮನೆಯವರಿಗೆ ಕೊಡಲು ಫೋಟೋ ತೆಗೆಸಿಕೊಳ್ಳಲು ಸಾಲುಗಟ್ಟಿ ಬರುತ್ತಿದ್ದರು. ಅದು ಲಾಭದ ಕೆಲಸ. ಆದರೆ ಬ್ರೇಡಿ ಗಾಡಿಗಳನ್ನು ಕಟ್ಟಿಸಿ ರಣರಂಗಕ್ಕೇ ಹೊರಟರು. ಸರ್ಕಾರ ಹೋಗಲು ಅನುಮತಿ ಕೊಟ್ಟಿತು, ಹಣ ಕೊಡಲಿಲ್ಲ. ಬಂಡವಾಳ ಪೂರ್ತಿ ಅವರದೇ. 1861ರ ಜುಲೈ 21ರಂದು ಬುಲ್ ರನ್ ಎಂಬಲ್ಲಿ ಮೊದಲ ದೊಡ್ಡ ಕಾಳಗ. ವಾಷಿಂಗ್ಟನ್ನಿನ ಜನ ಬುತ್ತಿ ಕಟ್ಟಿಕೊಂಡು ಯುದ್ಧ ನೋಡಲು ಹೋಗಿದ್ದರು. ಉತ್ತರದ ಸೈನ್ಯ ಸೋತು ಓಡಿತು. ಬ್ರೇಡಿ ಆ ಗದ್ದಲದಲ್ಲಿ ದಾರಿ ತಪ್ಪಿ ಹೇಗೋ ವಾಪಸು ಬಂದರು. ಮರುದಿನ ಅದೇ ಉದ್ದ ಕೋಟು, ಅದೇ ಹುಲ್ಲಿನ ಟೋಪಿಯಲ್ಲಿ ತಮ್ಮ ಫೋಟೋ ತೆಗೆಸಿಕೊಂಡರು. ಸೋತು ಬಂದ ದಿನವೂ ಜಾಹೀರಾತನ್ನು ಮರೆಯದ ಮನುಷ್ಯ.

ಆಗ ಫೋಟೋ ತೆಗೆಯುವುದು ಎಂಥ ಕೆಲಸ ಎಂದು ಹೇಳಲೇಬೇಕು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬ ಇಂಗ್ಲಿಷಿನವರು ಹೊಸ ವಿಧಾನ ಕಂಡುಹಿಡಿದಿದ್ದರು. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟು ದ್ರವ ಸವರಬೇಕು. ಕತ್ತಲಲ್ಲಿ ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಬೇಕು. ಒದ್ದೆ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಕೆಲವು ಸೆಕೆಂಡು ಬೆಳಕು ಬಿಟ್ಟು, ಓಡಿ ಗಾಡಿಯೊಳಗೆ ಹೋಗಿ ತೊಳೆಯಬೇಕು. ಇದೆಲ್ಲ ಸುಮಾರು ಹತ್ತು ನಿಮಿಷದಲ್ಲಿ ಮುಗಿಯಬೇಕು, ಇಲ್ಲವೆಂದರೆ ಗಾಜು ಒಣಗಿ ಚಿತ್ರ ಕೆಡುತ್ತದೆ. ಹೊರಗೆ ಧೂಳು, ಒಳಗೆ ಈಥರ್ ವಾಸನೆ. ಕಪ್ಪು ಬಟ್ಟೆ ಮುಚ್ಚಿದ ಆ ಗಾಡಿ ಏನೆಂದು ತಿಳಿಯದೆ ಸೈನಿಕರು ಅದಕ್ಕೆ ಇದೇನಿದು ಗಾಡಿ ಎಂಬ ಅರ್ಥದ ಹೆಸರಿಟ್ಟಿದ್ದರು. ಆದರೆ ಈ ವಿಧಾನದಲ್ಲಿ ಒಂದು ಲಾಭವಿತ್ತು. ತಗಡಿನ ಚಿತ್ರ ಒಂದೇ ಪ್ರತಿ. ಗಾಜಿನ ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಪ್ರತಿ ತೆಗೆದು ಮಾರಬಹುದು.

ಕೆಲವು ಸೆಕೆಂಡು ಕದಲದೆ ಇದ್ದರೆ ಮಾತ್ರ ಚಿತ್ರ ಸರಿಯಾಗಿ ಬರುತ್ತಿತ್ತು. ಹಾಗಾಗಿ ಓಡುವ ಕುದುರೆ, ನುಗ್ಗುವ ಸೈನಿಕ ಆ ಫೋಟೋಗಳಲ್ಲಿ ಇಲ್ಲ. ಡೇರೆಗಳ ಮುಂದೆ ಕೂತ ಸೈನಿಕರು, ಸೇತುವೆಗಳು, ಫಿರಂಗಿಗಳು, ಕೋಟೆಗಳು ಇವೆ. ವಾಷಿಂಗ್ಟನ್ ನಗರದ ಸುತ್ತ ಯುದ್ಧ ಮುಗಿಯುವಷ್ಟರಲ್ಲಿ 68 ಕೋಟೆಗಳಾಗಿದ್ದವು. ಚಿತ್ರದುರ್ಗ, ಶ್ರೀರಂಗಪಟ್ಟಣ ನೋಡಿದ ನಮಗೆ ಅವು ಕೋಟೆ ಎಂದೇ ಅನ್ನಿಸುವುದಿಲ್ಲ. ಕಲ್ಲಿಲ್ಲ, ಬರೀ ಮಣ್ಣಿನ ದಿಬ್ಬ ಮತ್ತು ಮರದ ದಿಮ್ಮಿ. ಕಡ್ಡಿಗಳಿಂದ ಹೆಣೆದ ದೊಡ್ಡ ಬುಟ್ಟಿಗಳಿಗೆ ಮಣ್ಣು ತುಂಬಿ ಗೋಡೆ ಮಾಡುತ್ತಿದ್ದರು. ಫಿರಂಗಿ ಗುಂಡು ಬಡಿದರೆ ಕಲ್ಲು ಸಿಡಿಯುತ್ತದೆ, ಮಣ್ಣು ಅದನ್ನು ನುಂಗುತ್ತದೆ. ಪೀಟರ್ಸ್‌ಬರ್ಗ್ ಎಂಬ ಊರಿನ ಮುತ್ತಿಗೆ 1864ರ ಜೂನ್‌ನಿಂದ ಒಂಬತ್ತು ತಿಂಗಳಿಗೂ ಹೆಚ್ಚು ನಡೆಯಿತು. ಅಲ್ಲಿನ ಮಣ್ಣಿನ ಗೋಡೆಗಳ, ಕಂದಕಗಳ ಚಿತ್ರಗಳು ನಮಗೆ ಉಳಿದಿವೆ.

ಕದಲದೆ ಇರುವವರು ಇನ್ನೂ ಇದ್ದರು. ಸತ್ತವರು. 1862ರ ಸೆಪ್ಟೆಂಬರ್ 17ರಂದು ಆಂಟಿಟಮ್ ಎಂಬಲ್ಲಿ ಒಂದೇ ದಿನದಲ್ಲಿ ಎರಡೂ ಕಡೆ ಸೇರಿ ಸುಮಾರು 23,000 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಹೆಣಗಳನ್ನು ಹೂಳುವ ಮೊದಲೇ ಬ್ರೇಡಿ ಅವರ ನೌಕರರಾದ ಗಾರ್ಡ್‌ನರ್ ಮತ್ತು ಜೇಮ್ಸ್ ಗಿಬ್ಸನ್ ಅಲ್ಲಿ ತಲುಪಿ ಫೋಟೋ ತೆಗೆದರು. ಅಕ್ಟೋಬರ್‌ನಲ್ಲಿ ಬ್ರೇಡಿ ಆ ಚಿತ್ರಗಳನ್ನು ನ್ಯೂಯಾರ್ಕಿನ ಗ್ಯಾಲರಿಯಲ್ಲಿ ಇಟ್ಟರು. ಬಾಗಿಲಲ್ಲಿ ಆಂಟಿಟಮ್‌ನಲ್ಲಿ ಸತ್ತವರು ಎಂದು ಸಣ್ಣ ಬೋರ್ಡು ಹಾಕಿದರು. ಜನ ಮೆಟ್ಟಿಲು ಹತ್ತಿ ಬಂದರು. ಅಮೆರಿಕನ್ನರು ತಮ್ಮದೇ ರಣರಂಗದ ಹೆಣಗಳನ್ನು ಫೋಟೋದಲ್ಲಿ ನೋಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಯುದ್ಧ ಎಂದರೆ ಪತ್ರಿಕೆಯಲ್ಲಿ ಬರುವ ಹೆಸರುಗಳ ಪಟ್ಟಿ. ಪತ್ರಿಕೆಗಳಿಗೆ ಆಗ ಫೋಟೋ ಅಚ್ಚು ಹಾಕಲು ಬರುತ್ತಿರಲಿಲ್ಲ, ಮರದ ಅಚ್ಚಿನಲ್ಲಿ ಕೆತ್ತಿದ ಚಿತ್ರ ಮಾತ್ರ ಹಾಕುತ್ತಿದ್ದರು. ಈ ಫೋಟೋಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ, ಭೂತಗನ್ನಡಿ ಹಿಡಿದು ನೋಡುವ ಯಾವುದಾದರೂ ತಾಯಿ ತನ್ನ ಮಗನನ್ನೇ ಗುರುತಿಸಿಬಿಟ್ಟರೆ ಎಂದು ನ್ಯೂಯಾರ್ಕಿನ ಪತ್ರಿಕೆಯೊಂದು ಆತಂಕಪಟ್ಟಿತು.

ಇಲ್ಲಿ ನನಗೆ ಸ್ವಲ್ಪ ಹೊತ್ತು ಮುಂದೆ ಓದಲಾಗಲಿಲ್ಲ. ನಮ್ಮ ಮನೆಯಲ್ಲಿ ಮಯ್ಯತ್ತಿನ ಫೋಟೋ ತೆಗೆಯಲು ದಾದಿ ಯಾರಿಗೂ ಬಿಡುವುದಿಲ್ಲ. ಸತ್ತವರನ್ನು ಮುಚ್ಚಬೇಕು, ಬೇಗ ಮಣ್ಣು ಮಾಡಬೇಕು, ತೋರಿಸಿಕೊಂಡು ತಿರುಗಬಾರದು ಎನ್ನುವುದು ಅವರ ಮಾತು. ನನಗೂ ಅದೇ ಸರಿ ಅನ್ನಿಸುತ್ತದೆ. ಹಾಗಾದರೆ ಬ್ರೇಡಿ ಮಾಡಿದ್ದು ತಪ್ಪೇ? ಪ್ರತಿಗಳ ವ್ಯಾಪಾರಕ್ಕೆ ಹೆಣ ಇಟ್ಟರು ಎನ್ನಬಹುದು. ಆದರೆ ಆ ಚಿತ್ರ ಇಲ್ಲದಿದ್ದರೆ ನ್ಯೂಯಾರ್ಕಿನ ಜನಕ್ಕೆ 23,000 ಎಂಬುದು ಬರೀ ಅಂಕಿಯಾಗಿಯೇ ಇರುತ್ತಿತ್ತು. ಸತ್ತವರ ಮರ್ಯಾದೆ ಮತ್ತು ಬದುಕಿರುವವರು ಸತ್ಯ ತಿಳಿಯುವ ಅಗತ್ಯ, ಈ ಎರಡೂ ಒಂದಕ್ಕೊಂದು ಎದುರು ನಿಂತಾಗ ಯಾವುದನ್ನು ಆರಿಸುವುದು? ಇವತ್ತು ಯುದ್ಧದ ಚಿತ್ರಗಳು ದಿನವೂ ನಮ್ಮ ಮೊಬೈಲಿಗೇ ಬರುತ್ತವೆ. ಹಾಗಾಗಿ ಈ ಪ್ರಶ್ನೆ ನಮ್ಮದೂ ಆಗಿದೆ. ದಾದಿಯ ಮಾತನ್ನೂ ಬಿಡಲಾಗದೆ, ಆ ಚಿತ್ರಗಳು ಬೇಡವಿತ್ತು ಎಂದೂ ಹೇಳಲಾಗದೆ ನಾನು ನಿಂತಿದ್ದೇನೆ.

ಫೋಟೋ ಸತ್ತವರಿಗೆ ಉಪಕಾರ ಮಾಡಿದ್ದೂ ಉಂಟು. 1863ರ ಜುಲೈ 1ರಿಂದ 3ರವರೆಗೆ ಗೆಟಿಸ್‌ಬರ್ಗ್‌ನಲ್ಲಿ ನಡೆದ ಕಾಳಗದ ನಂತರ ಒಬ್ಬ ಸೈನಿಕನ ಹೆಣ ಸಿಕ್ಕಿತು. ಹೆಸರು ತಿಳಿಸುವ ಗುರುತು ಏನೂ ಇಲ್ಲ. ಕೈಯಲ್ಲಿ ಮಾತ್ರ ಮೂರು ಮಕ್ಕಳ ಗಾಜಿನ ಫೋಟೋ ಇತ್ತು. ಪತ್ರಿಕೆಯವರು ಆ ಮಕ್ಕಳು ಹೇಗಿದ್ದಾರೆ, ಯಾವ ಬಟ್ಟೆ ತೊಟ್ಟಿದ್ದಾರೆ ಎಂದು ಮಾತಿನಲ್ಲೇ ವಿವರಿಸಿ ಬರೆದರು. ತಿಂಗಳುಗಳ ನಂತರ ನ್ಯೂಯಾರ್ಕ್ ರಾಜ್ಯದ ಸಣ್ಣ ಊರಿನ ತಾಯಿಯೊಬ್ಬರಿಗೆ ಅದು ತಮ್ಮ ಮಕ್ಕಳ ಫೋಟೋ ಎಂದು ತಿಳಿಯಿತು. ಸತ್ತವನು ಏಮಸ್ ಹ್ಯೂಮಿಸ್ಟನ್ ಎಂಬ ಸಾರ್ಜೆಂಟ್. ಆ ಫೋಟೋ ಇಲ್ಲದಿದ್ದರೆ ಅವನ ಗೋರಿಗೆ ಹೆಸರು ಇರುತ್ತಿರಲಿಲ್ಲ.

ಗೆಟಿಸ್‌ಬರ್ಗ್ ಹೊತ್ತಿಗೆ ಗಾರ್ಡ್‌ನರ್ ಬ್ರೇಡಿ ಅವರನ್ನು ಬಿಟ್ಟು ಸ್ವಂತ ಸ್ಟುಡಿಯೋ ತೆರೆದಿದ್ದರು. ತಿಮೋತಿ ಓ'ಸಲಿವನ್ ಮೊದಲಾದ ಒಳ್ಳೆಯ ಕೆಲಸಗಾರರು ಅವರ ಜೊತೆ ಹೋದರು. ಯಾರು ತೆಗೆದರೂ ಫೋಟೋದ ಕೆಳಗೆ ಬ್ರೇಡಿ ಎಂದೇ ಅಚ್ಚಾಗುತ್ತಿದ್ದದ್ದು ಈ ಅಗಲಿಕೆಗೆ ಒಂದು ಕಾರಣವೆನ್ನುತ್ತಾರೆ. ನನ್ನ ಮಾಮುವಿನ ಮಗ ಮದುವೆಗಳಲ್ಲಿ ಫೋಟೋ ತೆಗೆಯುತ್ತಾನೆ. ರಾತ್ರಿಯೆಲ್ಲ ನಿಂತು ತೆಗೆದ ಆಲ್ಬಂ ಮೇಲೆ ಸ್ಟುಡಿಯೋದ ಹೆಸರಿರುತ್ತದೆ, ಅವನ ಹೆಸರಿರುವುದಿಲ್ಲ. ಅದಕ್ಕೇ ಗಾರ್ಡ್‌ನರ್ ಅವರ ಕೋಪ ನನಗೆ ಬೇಗ ಅರ್ಥವಾಯಿತು. 1866ರಲ್ಲಿ ಗಾರ್ಡ್‌ನರ್ 100 ಫೋಟೋಗಳ ಪುಸ್ತಕ ತಂದರು. ಅದರಲ್ಲಿ ಪ್ರತಿ ಚಿತ್ರಕ್ಕೂ ನೆಗೆಟಿವ್ ಯಾರದು ಎಂದು ಹೆಸರು ಹಾಕಿದರು. ಬ್ರೇಡಿ ಕಡೆಯ ನ್ಯಾಯವನ್ನೂ ಹೇಳಬೇಕು. ಗಾಡಿ, ಗಾಜು, ರಾಸಾಯನಿಕ, ಸಂಬಳ ಎಲ್ಲ ಅವರದು. ನಷ್ಟವಾದರೆ ಅದೂ ಅವರದೇ. ಬಂಡವಾಳ ಹಾಕಿದವರಿಗೆ ಮಾಲು ಸಲ್ಲುತ್ತದೆ ಎಂದು ವ್ಯಾಪಾರದ ಲೆಕ್ಕ ಹೇಳುತ್ತದೆ. ಆದರೆ ಹೆಸರು ಮಾಲಿನಂತೆ ಕೊಂಡುಕೊಳ್ಳುವ ವಸ್ತುವಲ್ಲ ಎಂದು ನನ್ನ ಅಭಿಪ್ರಾಯ.

ಗಾರ್ಡ್‌ನರ್ ಕಡೆಯೂ ಎಲ್ಲ ಶುದ್ಧವಾಗಿರಲಿಲ್ಲ. ಗೆಟಿಸ್‌ಬರ್ಗ್‌ನ ಬಂಡೆಗಳ ನಡುವೆ ಸತ್ತುಬಿದ್ದ ಗುರಿಕಾರನ ಫೋಟೋ ಬಹಳ ಪ್ರಸಿದ್ಧ. ನೂರು ವರ್ಷಗಳ ಮೇಲೆ ಸಂಶೋಧಕರು ಅದೇ ಹೆಣ ಬೇರೆ ಜಾಗದ ಫೋಟೋಗಳಲ್ಲೂ ಇರುವುದನ್ನು ಕಂಡುಹಿಡಿದರು. ಚಿತ್ರ ಚೆನ್ನಾಗಿ ಬರಲೆಂದು ಹೆಣವನ್ನು ಸುಮಾರು 40 ಗಜ ಹೊತ್ತು ತಂದು ಮಲಗಿಸಿ, ಪಕ್ಕದಲ್ಲಿ ಬಂದೂಕು ಇಟ್ಟಿದ್ದರು. ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. 1857ರ ದಂಗೆಯ ನಂತರ ಲಕ್ನೋಗೆ ಬಂದ ಫೆಲಿಸ್ ಬಿಯಾಟೋ ಸಿಕಂದರ್ ಬಾಗ್‌ನ ಫೋಟೋ ತೆಗೆದರು. ಅದರಲ್ಲಿ ಅಂಗಳದ ತುಂಬ ಎಲುಬುಗಳಿವೆ. ಕಾಳಗ ನಡೆದು ತಿಂಗಳುಗಳಾಗಿದ್ದವು, ಫೋಟೋಗಾಗಿ ಎಲುಬುಗಳನ್ನು ಹಾಗೆ ಹರಡಿಸಿದರು ಎಂದು ಇತಿಹಾಸಕಾರರು ಹೇಳುತ್ತಾರೆ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂಬ ಮಾತು ಆಗಲೇ ಅರ್ಧ ಸುಳ್ಳಾಗಿತ್ತು.

ಬ್ರೇಡಿ ಗೆಟಿಸ್‌ಬರ್ಗ್ ತಲುಪುವಷ್ಟರಲ್ಲಿ ಹೆಣಗಳನ್ನು ಹೂತಾಗಿತ್ತು. ಅವರು ಖಾಲಿ ಹೊಲ, ಮರ, ಬೇಲಿಗಳ ಚಿತ್ರ ತೆಗೆಸಿದರು. ಸೆರೆಸಿಕ್ಕ ದಕ್ಷಿಣದ ಮೂವರು ಸೈನಿಕರ ಪ್ರಸಿದ್ಧ ಫೋಟೋ ಅಲ್ಲಿಯದೇ. ಕೆಲವು ಚಿತ್ರಗಳಲ್ಲಿ ಬ್ರೇಡಿ ಅವರೇ ನಿಂತು ರಣರಂಗದ ಕಡೆ ನೋಡುತ್ತಿದ್ದಾರೆ. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಶರಣಾದರು. ಕೆಲವೇ ದಿನಗಳಲ್ಲಿ ಬ್ರೇಡಿ ರಿಚ್ಮಂಡ್‌ನಲ್ಲಿ ಲೀ ಅವರ ಮನೆಗೆ ಹೋಗಿ, ಹಿತ್ತಲ ಬಾಗಿಲಲ್ಲಿ ಸಮವಸ್ತ್ರದಲ್ಲೇ ನಿಲ್ಲಿಸಿ ಫೋಟೋ ತೆಗೆದರು. ಸೋತವರನ್ನು ಒಪ್ಪಿಸಿ ಕ್ಯಾಮೆರಾ ಮುಂದೆ ನಿಲ್ಲಿಸುವುದು ಎಲ್ಲರಿಗೂ ಸಾಧ್ಯವಾಗುವ ಕೆಲಸವಲ್ಲ.

ಯುದ್ಧದಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಅದು ಮುಗಿದ ಮೇಲೆ ಯಾರಿಗೂ ಅದನ್ನು ಮತ್ತೆ ನೋಡುವುದು ಬೇಕಿರಲಿಲ್ಲ. ಬೇಡಿಕೆ ಇಲ್ಲದ ಮಾಲು ಗೋದಾಮಿನಲ್ಲಿದ್ದರೆ ಅದು ಆಸ್ತಿಯೋ ಹೊರೆಯೋ? ಬ್ರೇಡಿ ಹತ್ತಿರ ಸಾವಿರಾರು ಗಾಜಿನ ಫಲಕಗಳಿದ್ದವು. ಯುದ್ಧಕ್ಕೆ ತಾವು 1,00,000 ಡಾಲರ್ ಖರ್ಚು ಮಾಡಿದ್ದಾಗಿ ಅವರು ಹೇಳುತ್ತಿದ್ದರು. ಸಾಮಾನು ಸರಬರಾಜು ಮಾಡಿದ ಆಂಟನಿ ಕಂಪನಿಗೆ ಸಾಲದ ಬದಲು ಒಂದು ಗುಂಪು ನೆಗೆಟಿವ್ ಹೋಯಿತು. ಅಬ್ಬಾ ತಮ್ಮ ಅಂಗಡಿಯ ಉಧಾರಿ ಪುಸ್ತಕ ನೋಡುವಾಗ ಹೇಳುವ ಒಂದು ಮಾತಿದೆ: ಸಾಲ ಕೇಳುವವನು ಬಾಗಿಲಿಗೆ ಬರುತ್ತಾನೆ, ಕೊಡಬೇಕಾದವನು ಬೇರೆ ರಸ್ತೆ ಹಿಡಿಯುತ್ತಾನೆ. ಬ್ರೇಡಿಗೂ ಹಾಗೇ ಆಯಿತು. 1870ರ ದಶಕದ ಆರಂಭದಲ್ಲಿ ಅವರು ದಿವಾಳಿಯಾದರು, ನ್ಯೂಯಾರ್ಕಿನ ಗ್ಯಾಲರಿ ಕೈಬಿಟ್ಟಿತು. ಗೋದಾಮಿನ ಬಾಡಿಗೆ ಕಟ್ಟದ ಕಾರಣ 1874ರಲ್ಲಿ ನೆಗೆಟಿವ್‌ಗಳು ಹರಾಜಿಗೆ ಬಂದವು. ಯುದ್ಧ ಇಲಾಖೆ ಅವನ್ನು 2,840 ಡಾಲರಿಗೆ ಕೊಂಡಿತು. ಮರುವರ್ಷ ಕಾಂಗ್ರೆಸ್ ಸದಸ್ಯ ಜೇಮ್ಸ್ ಗಾರ್‌ಫೀಲ್ಡ್ ಮತ್ತು ಬೆಂಜಮಿನ್ ಬಟ್ಲರ್ ಅವರ ಪ್ರಯತ್ನದಿಂದ ಸರ್ಕಾರ ಬ್ರೇಡಿಗೆ 25,000 ಡಾಲರ್ ಕೊಟ್ಟಿತು. ಅದೂ ಸಾಲಕ್ಕೇ ಹೋಯಿತು.

1887ರಲ್ಲಿ ಪತ್ನಿ ಜೂಲಿಯಾ ತೀರಿಕೊಂಡರು. ದೃಷ್ಟಿ ಹೋಗುತ್ತಾ ಬಂತು. 1895ರಲ್ಲಿ ವಾಷಿಂಗ್ಟನ್ನಿನ ರಸ್ತೆಯಲ್ಲಿ ಗಾಡಿಯೊಂದು ಬಡಿದು ಕಾಲು ಮುರಿಯಿತು. ಆದರೂ 1896ರ ಜನವರಿ 30ಕ್ಕೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಯುದ್ಧದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಲು ತಯಾರಿ ಮಾಡುತ್ತಿದ್ದರು. ಜನವರಿ 15ರಂದು ಅಲ್ಲಿನ ಆಸ್ಪತ್ರೆಯ ಬಡವರ ವಾರ್ಡಿನಲ್ಲಿ ಪ್ರಾಣ ಬಿಟ್ಟರು. ಅಂತ್ಯಕ್ರಿಯೆಯ ಖರ್ಚನ್ನು ನ್ಯೂಯಾರ್ಕಿನ 7ನೇ ರೆಜಿಮೆಂಟಿನ ಹಳೆಯ ಸೈನಿಕರು ಕೊಟ್ಟರು. ವಾಷಿಂಗ್ಟನ್ನಿನ ಕಾಂಗ್ರೆಷನಲ್ ಸ್ಮಶಾನದಲ್ಲಿ ಪತ್ನಿಯ ಪಕ್ಕದಲ್ಲಿ ಅವರನ್ನು ಹೂಳಿದರು. ಗೋರಿಯ ಕಲ್ಲಿನಲ್ಲಿ ಸತ್ತ ವರ್ಷವನ್ನು 1895 ಎಂದು ತಪ್ಪಾಗಿ ಕೆತ್ತಿದರು.

ಅವರ ಲೆಕ್ಕ ಮುಗಿಸಿದರೆ ಎಡಗಡೆ ಸಾಲ, ಬಲಗಡೆ ಒಡೆಯುವ ಗಾಜು. ಯಾವ ಆಡಿಟರ್ ಆದರೂ ನಷ್ಟ ಎಂದೇ ಬರೆಯುತ್ತಾರೆ. ಆದರೆ ಆ ಗಾಜಿಗೆ ಬೆಲೆ ಬಂದದ್ದು ಅದನ್ನು ಮಾರಬೇಕಾದವರು ಸತ್ತ ಮೇಲೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲೂ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೂ ಇಂದು ಆ ನೆಗೆಟಿವ್‌ಗಳಿವೆ. ಯಾರು ಬೇಕಾದರೂ ಹಣ ಕೊಡದೆ ಇಂಟರ್‌ನೆಟ್ಟಿನಲ್ಲಿ ನೋಡಬಹುದು. ನೀವೂ ನೋಡಿ. ದೊಡ್ಡದು ಮಾಡಿ ನೋಡಿದರೆ ಸೈನಿಕರ ಕೋಟಿನ ಗುಂಡಿಗಳೂ ಕಾಣುತ್ತವೆ. ನೋಡುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ತೆಗೆದದ್ದು ಯಾರು, ಇದರಲ್ಲಿ ಮಲಗಿರುವುದು ಯಾರು? ನಾನೀಗ ಮೊಬೈಲಿಗೆ ಬರುವ ಚಿತ್ರಗಳಿಗೂ ಅದೇ ಎರಡು ಪ್ರಶ್ನೆ ಕೇಳುತ್ತೇನೆ. ಉತ್ತರ ಸಿಗದಿದ್ದರೆ ಮುಂದೆ ಯಾರಿಗೂ ಕಳಿಸುವುದಿಲ್ಲ.